ಬೊಮ್ಮಾಯಿ ಮನೆತನ

ಬೊಮ್ಮಾಯಿ ಮನೆತನ: ಈಗಿನ ಹಾವೇರಿ ಜಿಲ್ಲೆಯ ಕಾರಡಗಿ ಮೂಲದ ರಾಜಕೀಯ ಕುಟುಂಬ. ಕರ್ನಾಟಕದಲ್ಲಿ ತಂದೆ, ಮಗ ಇಬ್ಬರೂ ಮುಖ್ಯಮಂತ್ರಿಗಳಾದ ಎರಡನೆಯ ಮನೆತನವಿದು, ಮೊದಲನೆಯದು ಎಚ್.ಡಿ. ದೇವೇಗೌಡರದು. ಈ ಸೀಮೆಯಲ್ಲಿ ತನ್ನ ಹೆಸರು, ಅದರ ಬೆನ್ನಿಗೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಬರೆಯುವುದು ರೂಢಿ. ಹೀಗಾಗಿ ವಂಶಾವಳಿಯನ್ನು ಹೆಸರಿನಲ್ಲೇ ಓದಿಕೊಳ್ಳಬಹುದು: ಸೋಮಪ್ಪ ರಾಯಪ್ಪ, ಬಸವರಾಜ ಸೋಮಪ್ಪ, ಭರತ್ ಬಸವರಾಜ. ಪಕ್ಷ, ಕ್ಷೇತ್ರಗಳ ಮಾತು ಬೇರೆ. ಅವು ತಲೆಮಾರಿನಿಂದ ತಲೆಮಾರಿಗೆ ಬದಲಾಗಿವೆ.

ಎಸ್.ಆರ್. ಬೊಮ್ಮಾಯಿ (1924–2007) ವಕೀಲರು, ಎಂ.ಎನ್. ರಾಯ್ ವಿಚಾರಗಳಿಗೆ ಒಲಿದವರು. ವಿಧಾನಸಭೆಗೆ ಗೆದ್ದದ್ದು ಹುಟ್ಟೂರಿನ ಕಡೆಯಿಂದಲ್ಲ, ಕುಂದಗೋಳ ಮತ್ತು ಹುಬ್ಬಳ್ಳಿ ಗ್ರಾಮೀಣದಿಂದ. 1988ರ ಆಗಸ್ಟ್ 13ರಂದು ಮುಖ್ಯಮಂತ್ರಿಯಾದರು. ಮರುವರ್ಷ ಏಪ್ರಿಲ್‌ನಲ್ಲಿ ಅವರ ಪಕ್ಷ ಬಿಟ್ಟ ಶಾಸಕರೊಬ್ಬರು ಬೆಂಬಲ ವಾಪಸಿನ 19 ಪತ್ರಗಳನ್ನು ರಾಜ್ಯಪಾಲರ ಕೈಗಿತ್ತರು. ಎರಡೇ ದಿನದಲ್ಲಿ ಆ ಪತ್ರಗಳಿಗೆ ಸಹಿ ಹಾಕಿದವರಲ್ಲಿ ಏಳು ಮಂದಿ ತಮ್ಮ ಸಹಿಯನ್ನು ದಾರಿ ತಪ್ಪಿಸಿ ಪಡೆಯಲಾಗಿದೆ ಎಂದು ಬರೆದುಕೊಟ್ಟರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದ ಬೊಮ್ಮಾಯಿಯವರ ಮಾತಿಗೆ ಬೆಲೆ ಸಿಗಲಿಲ್ಲ. 21ರಂದು ಸರ್ಕಾರ ವಜಾ ಆಯಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಆ ವಜಾ ಅಸಾಂವಿಧಾನಿಕ ಎಂದಿತು. ಬಹುಮತ ಅಳೆಯುವ ಜಾಗ ಸದನ, ರಾಜಭವನವಲ್ಲ ಎಂಬುದು ಅಲ್ಲಿಂದ ಗಟ್ಟಿಯಾಯಿತು. ಅಷ್ಟರಲ್ಲಿ ಚುನಾವಣೆಯೇ ಮುಗಿದಿದ್ದರಿಂದ ಕುರ್ಚಿ ಮಾತ್ರ ಮರಳಲಿಲ್ಲ. 1996–98ರಲ್ಲಿ ಅವರು ಕೇಂದ್ರದ ಮಾನವ ಸಂಪನ್ಮೂಲ ಸಚಿವರಾಗಿದ್ದರು.

ಅದೇ ತೀರ್ಪು ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಬಿಜೆಪಿ ಸರ್ಕಾರಗಳ ವಜಾವನ್ನು ಎತ್ತಿಹಿಡಿದಿತ್ತು. ಮಗ ಬಸವರಾಜ (ಜನನ 1960) ಮುಖ್ಯಮಂತ್ರಿಯಾದದ್ದು ಆ ಪಕ್ಷದಿಂದಲೇ. ಮೆಕ್ಯಾನಿಕಲ್ ಎಂಜಿನಿಯರ್ ಆದ ಇವರು 1994ರಲ್ಲಿ ತಂದೆಯ ಹಳೆಯ ಹುಬ್ಬಳ್ಳಿ ಗ್ರಾಮೀಣದಲ್ಲಿ ಜಗದೀಶ ಶೆಟ್ಟರ್ ಎದುರು ಸೋತು, ಮುಂದೆ ಎರಡು ಅವಧಿ ವಿಧಾನ ಪರಿಷತ್ತಿನಲ್ಲಿದ್ದರು. 2008ರಲ್ಲಿ ಜನತಾ ಪರಿವಾರ ಬಿಟ್ಟು ಬಿಜೆಪಿ ಸೇರಿ ಶಿಗ್ಗಾವಿಯಿಂದ ಸತತ ನಾಲ್ಕು ಸಲ ಗೆದ್ದರು; 2021ರ ಜುಲೈ 28ರಿಂದ 2023ರ ಮೇವರೆಗೆ ಮುಖ್ಯಮಂತ್ರಿ.

2024ರಲ್ಲಿ ಬಸವರಾಜರು ಹಾವೇರಿ ಲೋಕಸಭಾ ಕ್ಷೇತ್ರ ಗೆದ್ದರು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಇದರೊಳಗಿವೆ. ಶಿಗ್ಗಾವಿ ಹಾವೇರಿ ಜಿಲ್ಲೆಯದಾದರೂ ಲೋಕಸಭೆಗೆ ಧಾರವಾಡದ ಪಾಲು. ಹಾವೇರಿ ಸ್ಥಾನವೂ ಮನೆತನ ರಾಜಕಾರಣದ ನಂಟಿಲ್ಲದ್ದಲ್ಲ: ಹಾನಗಲ್ಲಿನ ಸಿ.ಎಂ. ಉದಾಸಿಯವರ ಮಗ ಶಿವಕುಮಾರ ಉದಾಸಿ ಇಲ್ಲಿಂದ ಮೂರು ಸಲ ಸಂಸದರು. ರಾಣೆಬೆನ್ನೂರಿನಲ್ಲಿ ಮಾಜಿ ಸಭಾಧ್ಯಕ್ಷ ಕೆ.ಬಿ. ಕೋಳಿವಾಡರ ಮಗ ಪ್ರಕಾಶ 2023ರಲ್ಲಿ ಶಾಸಕರಾದರು.

ತಂದೆ ತೆರವು ಮಾಡಿದ ಶಿಗ್ಗಾವಿಯಲ್ಲಿ 2024ರ ನವೆಂಬರ್‌ನ ಉಪಚುನಾವಣೆಗೆ ಭರತ್ ನಿಂತರು. ಎದುರಾಳಿ ಕಾಂಗ್ರೆಸ್ಸಿನ ಯಾಸಿರ್ ಅಹ್ಮದ್ ಖಾನ್ ಪಠಾಣ್. ಹಿಂದಿನ ವರ್ಷ ಬಸವರಾಜರು 35 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದ್ದ ಅದೇ ಪಠಾಣ್, ಈ ಸಲ ಮಗನನ್ನು 13 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು.