ನಂದಿ ಹಾಲ್ಟ್: ಉಳಿದು ಬಂದ ನ್ಯಾರೋಗೇಜ್ ನಿಲ್ದಾಣ

1915ರಲ್ಲಿ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಆರಂಭವಾಯಿತು. ಹಳಿಗಳ ನಡುವಿನ ಅಂತರ ಕೇವಲ 762 ಮಿ.ಮೀ. ಯಲಹಂಕದಿಂದಾಚೆ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳಲ್ಲಿ ಪುಟ್ಟ ನಿಲ್ದಾಣಗಳು ಎದ್ದವು. ನಂದಿಬೆಟ್ಟಕ್ಕೆ ಹೋಗುವವರು ನಂದಿ ಹಾಲ್ಟ್‌ನಲ್ಲಿ ಇಳಿಯುತ್ತಿದ್ದರು.

ಮೂಲೆಗುಂಪಾದದ್ದು ಹೇಗೆ?
ಬಸ್ಸು, ಲಾರಿಗಳು ಹೆಚ್ಚಿದಂತೆ ರೈಲಿನ ಪ್ರಯಾಣಿಕರೂ ಸರಕೂ ಕಡಿಮೆಯಾದವು. ಮಾರ್ಗ ಬ್ರಾಡ್‌ಗೇಜ್ ಆದ ಮೇಲೂ ಓಡಿದ ರೈಲುಗಳು ಬೆರಳೆಣಿಕೆಯಷ್ಟೇ. ಜನರ ಓಡಾಟವಿಲ್ಲದ ಕಟ್ಟಡ ಬೇಗ ಹಾಳಾಗುತ್ತದೆ: ಒಂದು ಹೆಂಚು ಒಡೆದರೆ ಮಳೆನೀರು ಮರದ ತೊಲೆಗೆ ಇಳಿಯುತ್ತದೆ, ತೊಲೆ ಲಡ್ಡಾದರೆ ಮಾಡು ಕುಸಿಯುತ್ತದೆ, ಗೋಡೆಯ ಬಿರುಕಿನಲ್ಲಿ ಅರಳಿ ಗಿಡ ಬೇರೂರುತ್ತದೆ.

ಜೀರ್ಣೋದ್ಧಾರ
ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯು ನೈಋತ್ಯ ರೈಲ್ವೆಯ ಸಹಯೋಗದಲ್ಲಿ ನಂದಿ ಹಾಲ್ಟ್ ನಿಲ್ದಾಣದ ದುರಸ್ತಿ ಕೈಗೊಂಡಿತು. ಹಳೆಯ ಕಟ್ಟಡಗಳ ದುರಸ್ತಿಗೆ ಸಿಮೆಂಟಿಗಿಂತ ಸುಣ್ಣದ ಗಾರೆಯೇ ಸೂಕ್ತ. ಸುಣ್ಣವು ಗೋಡೆಯೊಳಗಿನ ತೇವವನ್ನು ಹೊರಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಹಿಡಿದಿಟ್ಟು ಹಳೆಯ ಇಟ್ಟಿಗೆ ಉದುರುವಂತೆ ಮಾಡುತ್ತದೆ. ಗಟ್ಟಿಯಾಗಿರುವ ಮರ, ಹೆಂಚುಗಳನ್ನು ಉಳಿಸಿಕೊಂಡು ಕೆಟ್ಟದ್ದನ್ನಷ್ಟೇ ಬದಲಿಸುವುದು ಇಂಥ ಕೆಲಸದ ಮೊದಲ ನಿಯಮ.

ಮುಂದೇನು?
ಬಣ್ಣ ಬಳಿದ ಮಾತ್ರಕ್ಕೆ ಕಟ್ಟಡ ಉಳಿಯದು; ಅದಕ್ಕೆ ನಿತ್ಯದ ಬಳಕೆ ಬೇಕು. ವಾಚನಾಲಯ, ಕರಕುಶಲ ಮಳಿಗೆ, ಪುಟ್ಟ ಕೆಫೆ ಇಂಥ ನಿಲ್ದಾಣಗಳಿಗೆ ಒಪ್ಪುತ್ತವೆ. ಜನರ ಓಡಾಟ ಮರಳುವ ಆಸೆಯೂ ಇದೆ: ಇದೇ ಮಾರ್ಗದಲ್ಲಿ 2021ರಲ್ಲಿ ಬೆಂಗಳೂರು ವಿಮಾನ ನಿಲ್ದಾಣದ ಹಾಲ್ಟ್ ಆರಂಭವಾಗಿದೆ.

ದಯವಿಟ್ಟು ಗೋಡೆಗಳ ಮೇಲೆ ಬರೆಯಬೇಡಿ, ಹಳಿ ದಾಟಬೇಡಿ. ಸಾಧ್ಯವಾದರೆ ರೈಲಿನಲ್ಲೇ ಬನ್ನಿ.