ಬರಹಕ್ಕೆ ದಕ್ಕದ ದನಿ

ಮಲಪ್ರಭೆಯ ದಂಡೆಯ ಮುನವಳ್ಳಿಯಲ್ಲಿ ಮಧ್ಯಾಹ್ನ ಇಬ್ಬರು ಪರಿಚಯಸ್ಥರು ಎದುರಾದರೆ ಒಬ್ಬರು ‘ಊಟ ಆತ್ರಿ?’ ಎನ್ನುತ್ತಾರೆ, ಇನ್ನೊಬ್ಬರು ‘ಆತ್ರಿ’ ಎನ್ನುತ್ತಾರೆ. ಪದ ಒಂದೇ; ದನಿ ಏರಿದರೆ ಪ್ರಶ್ನೆ, ಇಳಿದರೆ ಉತ್ತರ. ಮೈಸೂರು ಸೀಮೆಯವರು ‘ಆಯ್ತಾ?’ ಎಂದು ಕೊನೆಗೊಂದು ‘ಆ’ ಹಚ್ಚಿ ಕೇಳುತ್ತಾರೆ. ಸವದತ್ತಿ, ಬೈಲಹೊಂಗಲದ ಕಡೆ ‘ಆತೇನ್ರಿ?’ ಎಂಬ ರೂಪವಿದ್ದರೂ ಎಷ್ಟೋ ಸಲ ಆ ‘ಏನು’ ಬೇಕಾಗುವುದೇ ಇಲ್ಲ.

‘ಹೂಂ’ ಎಂಬುದನ್ನೇ ನೋಡಿ. ಗಿಡ್ಡಾಗಿ ಅಂದರೆ ಒಪ್ಪಿಗೆ. ಎಳೆದು ಅಂದರೆ ಅನುಮಾನ. ಕಥೆ ಕೇಳುವವರು ನಡುನಡುವೆ ಹೂಂಗುಟ್ಟಿದರೆ ‘ಮುಂದೆ ಹೇಳು’ ಎಂದರ್ಥ. ಅದು ನಿಂತರೆ ಕೇಳುವವರಿಗೆ ನಿದ್ದೆ ಬಂತೆಂದು ಅಜ್ಜಿಗೆ ಗೊತ್ತಾಗುತ್ತದೆ. ‘ಭಾಳ ಶಾಣ್ಯಾ ಇದ್ದಿ ಬಿಡು’ ಎಂಬುದು ಹೊಗಳಿಕೆಯೋ ಬೈಗುಳವೋ ಎಂಬುದನ್ನು ತೀರ್ಮಾನಿಸುವುದೂ ದನಿಯೇ.

ದೂರದ ಸ್ಪೇನಿನವರದೂ ಇದೇ ಪಾಡು. ಸ್ಪ್ಯಾನಿಷ್ ಭಾಷೆಯಲ್ಲಿ ಹೇಳಿಕೆಯ ಒಂದು ಪದವನ್ನೂ ಬದಲಿಸದೆ ದನಿಯಿಂದಲೇ ಅದನ್ನು ಪ್ರಶ್ನೆಯಾಗಿಸಬಹುದು. ಓದುವವರು ವಾಕ್ಯದ ಕೊನೆ ಮುಟ್ಟುವವರೆಗೂ ಇದು ಪ್ರಶ್ನೆಯೆಂದು ತಿಳಿಯದೆ ತೊಡಕಾಗುತ್ತಿತ್ತು. ಅದಕ್ಕಾಗಿ ಅಲ್ಲಿನ ರಾಜ ಅಕಾಡೆಮಿ 1754ರಲ್ಲಿ ವಾಕ್ಯದ ಆರಂಭದಲ್ಲೇ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಹಾಕುವ ಪದ್ಧತಿ ತಂದಿತು. 1944ರಲ್ಲಿ ನವಾರೋ ತೋಮಾಸ್ ಎಂಬ ವಿದ್ವಾಂಸರು ಸ್ಪ್ಯಾನಿಷ್ ಮಾತಿನ ಏರಿಳಿತದ ಮೇಲೆ ಒಂದು ಕೈಪಿಡಿಯನ್ನೇ ಪ್ರಕಟಿಸಿದರು.

ನಮ್ಮವರು ದನಿಯನ್ನು ಗಮನಿಸಿರಲಿಲ್ಲವೆಂದಲ್ಲ. ದೂರದಿಂದ ಕರೆಯುವಾಗ ಕೊನೆಯ ಸ್ವರ ಎಳೆಯುವುದನ್ನು ಪಾಣಿನಿಯೇ ಸೂತ್ರಕ್ಕೆ ತಂದ, ಅದೇ ಪ್ಲುತ. ಆದರೆ 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜನ ಕಣ್ಣಿದ್ದದ್ದು ಕಾವ್ಯದ ಶುದ್ಧ ಭಾಷೆಯ ಮೇಲೆ, ಸಂತೆಯ ಮಾತಿನ ಮೇಲಲ್ಲ. ಹಳೆಯ ಶಾಸನಗಳಲ್ಲಿ ಪ್ರಶ್ನಾರ್ಥಕ ಚಿಹ್ನೆಯೇ ಇಲ್ಲ. ಕನ್ನಡಕ್ಕೆ ಅದು ಬಂದದ್ದು ಇಂಗ್ಲಿಷರ ಕಾಲದ ಅಚ್ಚಿನ ಜೊತೆಗೆ.

ಚಿಹ್ನೆ ಬಂದರೂ ಅದನ್ನು ಹಾಕುವ ಕೈ ಬೇಕು. ಕಳವಿನ ಆರೋಪ ಕೇಳಿ ಬೆಚ್ಚಿದ ಹಳ್ಳಿಯವನೊಬ್ಬ ‘ನಾ ಕದ್ದೆ?’ ಎಂದು ದನಿ ಏರಿಸಿದನೆನ್ನೋಣ. ಆಡುಮಾತನ್ನು ಗ್ರಂಥಭಾಷೆಗೆ ಇಳಿಸುವ ಬರಹಗಾರ ಚಿಹ್ನೆ ಮರೆತರೆ ಕಾಗದದ ಮೇಲೆ ಉಳಿಯುವುದು ‘ನಾನು ಕದ್ದೆನು’ ಎಂಬ ತಪ್ಪೊಪ್ಪಿಗೆ. ಸಾಕ್ಷಿದಾರನ ಹಾವಭಾವದ ಬಗ್ಗೆ ನ್ಯಾಯಾಧೀಶರು ಷರಾ ಬರೆದಿಡಲು 1973ರ ದಂಡ ಪ್ರಕ್ರಿಯಾ ಸಂಹಿತೆಯ 280ನೇ ಕಲಮು ಅವಕಾಶ ಕೊಟ್ಟಿತ್ತು. ಮೇಲಿನ ನ್ಯಾಯಾಲಯಕ್ಕೆ ಹೋಗುವುದು ಮಾತ್ರ ಕಾಗದ. ಅಲ್ಲಿ ಕೂತವರಿಗೆ ಆ ದನಿ ಕೇಳಿಸುವುದಿಲ್ಲ.