ವಿಹಾರನೌಕೆಗಳ ಮೌಲ್ಯ ಸವಕಳಿ

ಹೊಸ ವಿಹಾರನೌಕೆಯ ಬೆಲೆ ಮೊದಲ ಕೆಲವು ವರ್ಷಗಳಲ್ಲಿ ಸರ್ರನೆ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಆದಾಯ ತೆರಿಗೆ ನಿಯಮಗಳಲ್ಲಿ ಹಡಗು, ಸ್ಪೀಡ್‌ಬೋಟುಗಳ ವಾರ್ಷಿಕ ಸವಕಳಿ ದರ ಶೇ 20. ಅದು ವ್ಯವಹಾರಕ್ಕೆ ಬಳಸಿದವಕ್ಕೆ ಮಾತ್ರ. ಮೋಜಿಗೆ ಕೊಂಡವರಿಗೆ ಆ ಸಮಾಧಾನವೂ ಇಲ್ಲ. ಮೇಲಾಗಿ ವಿಹಾರನೌಕೆಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 40ಕ್ಕೇರಿದೆ.

ನೌಕೆಯನ್ನು ಎಲ್ಲಿ ಇಡುತ್ತೀರಿ ಎಂಬುದೂ ಸವಕಳಿಗೆ ಕಾರಣ. ಚೆನ್ನೈಯನ್ನೇ ನೋಡಿ: ಅಲ್ಲಿ ನೌಕಾವಿಹಾರದ ಹಳೆಯ ನೆಲೆ ರಾಯಲ್ ಮದ್ರಾಸ್ ಯಾಟ್ ಕ್ಲಬ್. ಬಂದರಿನ ಮುಖ್ಯಸ್ಥರಾಗಿದ್ದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ 1911ರಲ್ಲಿ ಅದನ್ನು ಕಟ್ಟಿದರು. ಇಲ್ಲಿನ ಬಿಸಿಲಿಗೆ ಹಾಯಿಯ ಬಟ್ಟೆಗಿಂತ ಮೊದಲು ಹೊಲಿಗೆಯ ದಾರ ಸೋಲುತ್ತದೆ. ನೌಕೆಯ ತಳಕ್ಕೆ ಚಿಪ್ಪುಜೀವಿಗಳು ಅಂಟುತ್ತವೆ, ಫೈಬರ್‌ಗ್ಲಾಸಿನೊಳಗೆ ನೀರು ಜಿನುಗಿ ಬೊಬ್ಬೆಗಳೇಳುತ್ತವೆ. ಜೊತೆಗೆ ಚಂಡಮಾರುತ: 2016ರ ಡಿಸೆಂಬರ್ 12ರಂದು ವರ್ದಾ ಅಪ್ಪಳಿಸಿದ ಊರಿನಲ್ಲಿ ವಿಮೆ ಬಿಟ್ಟು ನೌಕೆ ಇಟ್ಟುಕೊಳ್ಳುವುದು ಜೂಜೇ ಸರಿ.

ನಾಲ್ಕೈದು ವರ್ಷ ಬಳಸಿದ ನೌಕೆ ಕೊಂಡರೆ ಕಡಿದಾದ ಇಳಿತದ ಹೊರೆ ಮೊದಲ ಮಾಲೀಕರದ್ದಾಗುತ್ತದೆ.

ಉಳಿದದ್ದು ಆರೈಕೆ. ಪ್ರತಿ ಯಾನದ ನಂತರ ಸಿಹಿನೀರಿನಲ್ಲಿ ತೊಳೆಯಬೇಕು, ತಳಕ್ಕೆ ಪಾಚಿನಿರೋಧಕ ಬಣ್ಣ ಬಳಿಯಬೇಕು. ಲೋಹದ ಭಾಗಗಳ ಬದಲು ತಾವೇ ಸವೆಯುವ ಸತುವಿನ ತುಂಡುಗಳನ್ನು ಅರ್ಧ ಕರಗುತ್ತಲೇ ಬದಲಿಸಬೇಕು. ಅಕ್ಟೋಬರ್‌ನ ಹಿಂಗಾರಿಗೆ ಮುನ್ನ ಸಾಧ್ಯವಾದರೆ ದಡಕ್ಕೆ ಎಳೆಯುವುದು ಲೇಸು. ಎಂಜಿನ್ ಓಡಿದ ಗಂಟೆಗಳ ಲೆಕ್ಕ ಮತ್ತು ರಿಪೇರಿ ರಸೀದಿಗಳಿರುವ ನೌಕೆಗೆ ಮರುಮಾರಾಟದಲ್ಲಿ ಚೌಕಾಸಿ ಕಡಿಮೆ.